ಮರಕೆಸು ಮರದಲ್ಲಿರಲಿ

ಕೊಡಗಿನಲ್ಲಿ ಮುಂಗಾರು ಹಿಡಿದು ಕೆಲವು ವಾರ ಕಳೆಯುವುದರೊಳಗೆ ಹಳೆಯ ಮರಗಳ ಕವಲುಗಳಲ್ಲಿಯೂ ಪಾಚಿಗಟ್ಟಿದ ಕಾಂಡಗಳ ಮೇಲೆಯೂ ಹೃದಯದಾಕಾರದ ಎಲೆಗಳು ತಲೆಯೆತ್ತುತ್ತವೆ. ಯಾರೂ ಅವನ್ನು ನೆಟ್ಟಿಲ್ಲ, ಯಾರೂ ಗೊಬ್ಬರ ಹಾಕಿಲ್ಲ. ಮಲೆನಾಡು ಇದನ್ನು ಮರಕೆಸು ಎಂದು ಕರೆಯುತ್ತದೆ. ಸಸ್ಯಶಾಸ್ತ್ರ ರೆಮುಸೇಷಿಯ ವಿವಿಪಾರ ಎನ್ನುತ್ತದೆ. ಕಕ್ಕಡ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಗದ್ದೆಯ ಕೆಲಸ ಮತ್ತು ಎಡೆಬಿಡದ ಮಳೆಯ ನಡುವೆ ಕೊಡಗಿನ ಅಡುಗೆಮನೆಗೆ ಬರುವ ಸೊಪ್ಪುಗಳ ಸಾಲಿನಲ್ಲಿ ಕೆಂಬಿನ ಜಾತಿಯ ಎಲೆಗಳಿಗೆ ಹಿರಿಯ ಸ್ಥಾನವಿದೆ. ಕಾಡಿನಂಚಿನ ಮನೆಗಳಿಗೆ ಇದು ಸಂತೆಯ ಹಂಗಿಲ್ಲದೆ ದೊರೆತ ಆಹಾರ. ಇಂತಹ ಗಿಡಕ್ಕೆ ಇದುವರೆಗೆ ಹೇಳಿಕೊಳ್ಳುವಂತಹ ಬೆಲೆಯಿರಲಿಲ್ಲ. ಆ ಬೆಲೆ ಬರುವ ಕಾಲ ಹತ್ತಿರವಾಗಿದೆ ಎಂಬುದೇ ಈಗಿನ ಆತಂಕ.

ಕೆಸುವಿನ ಕುಟುಂಬವನ್ನು ವಿಜ್ಞಾನಿಗಳು ಅರೇಸಿ ಎಂದು ಕರೆಯುತ್ತಾರೆ. ಹಿತ್ತಲಿನ ಕೆಸು, ಹೊಲದ ಸುವರ್ಣಗೆಡ್ಡೆ, ಕೆರೆಯಲ್ಲಿ ತೇಲುವ ಅಂತರಗಂಗೆ, ಬಾಟಲಿಯ ನೀರಿನಲ್ಲಿ ಬೆಳೆಯುವ ಮನಿಪ್ಲಾಂಟ್, ಕೊಡಗಿನ ನೆರಳುಬಲೆಗಳಡಿಯಲ್ಲಿ ಅರಳುವ ಆಂಥೂರಿಯಂ, ಇವೆಲ್ಲ ಒಂದೇ ಕುಟುಂಬದವು. ಜಗತ್ತಿನಲ್ಲಿ ಈ ಕುಟುಂಬದ 3,500ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಹೆಚ್ಚಿನವು ಉಷ್ಣವಲಯದ ಮಳೆಕಾಡಿನ ವಾಸಿಗಳು. ಕಾಡಿನ ತಳದ ಮಂದ ಬೆಳಕಿಗೆ ಒಗ್ಗಿಕೊಂಡಿರುವುದರಿಂದ ಇವು ಮನೆಯೊಳಗಿನ ಅರೆಗತ್ತಲೆಯನ್ನೂ ಸಹಿಸುತ್ತವೆ. ಈ ಸಹನೆಯೇ ಇಂದು ಇವುಗಳಿಗೆ ಶಾಪವಾಗಿದೆ. ನಗರದ ಬಹುಮಹಡಿ ಕಟ್ಟಡಗಳಲ್ಲಿ ಗಾಜಿನ ಪೆಟ್ಟಿಗೆ, ವಿದ್ಯುತ್ ದೀಪ, ತೇವಾಂಶ ಯಂತ್ರಗಳ ನಡುವೆ ಅಪರೂಪದ ಅರೇಸಿ ಗಿಡಗಳನ್ನು ಸಂಗ್ರಹಿಸುವುದು ಒಂದು ಗೀಳಾಗಿ ಬೆಳೆದಿದೆ.

ಒಂಬತ್ತು ಎಲೆಗೆ ಹದಿನಾಲ್ಕು ಲಕ್ಷ

2020ರ ಕೋವಿಡ್ ದಿಗ್ಬಂಧನದ ಕಾಲದಲ್ಲಿ ಜನ ಮನೆಯೊಳಗೆ ಸೆರೆಯಾದಾಗ ಈ ಗೀಳು ಜಗತ್ತಿನಾದ್ಯಂತ ಉಲ್ಬಣಿಸಿತು. 2021ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಹರಾಜೊಂದರಲ್ಲಿ ರಾಫಿಡೋಫೋರ ಟೆಟ್ರಾಸ್ಪರ್ಮ ಎಂಬ ಬಳ್ಳಿಯ ಬಿಳಿಮಚ್ಚೆಯ ತಳಿಯೊಂದು 27,100 ನ್ಯೂಜಿಲೆಂಡ್ ಡಾಲರುಗಳಿಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 14 ಲಕ್ಷ ರೂಪಾಯಿ. ಆ ಗಿಡದಲ್ಲಿದ್ದ ಎಲೆಗಳು ಒಂಬತ್ತು. ಥಾಯ್ಲೆಂಡ್ ಮತ್ತು ಮಲೇಷ್ಯಾದ ಕಾಡುಗಳಲ್ಲಿ ಮರವೇರಿ ಬೆಳೆಯುವ ಸಾಧಾರಣ ಬಳ್ಳಿಯದು. ಅದರ ಹತ್ತಿರದ ಸಂಬಂಧಿಯಾದ ರಾಫಿಡೋಫೋರ ಪರ್ಟುಸ ಪಶ್ಚಿಮಘಟ್ಟದ ಕಾಡಿನಲ್ಲಿ, ಎಲೆಯ ತುಂಬ ತೂತುಗಳನ್ನು ಹೊತ್ತು, ಯಾರ ಗಮನಕ್ಕೂ ಬಾರದೆ ಮರವನ್ನು ತಬ್ಬಿಕೊಂಡಿದೆ. ಅದರ ಮೇಲೆ ಯಾರ ಕಣ್ಣೂ ಬೀಳದೆ ಇರುವಷ್ಟು ಕಾಲ ಅದು ಕ್ಷೇಮ.

ಇಷ್ಟು ಹಣ ತೆತ್ತು ಕೊಳ್ಳುವುದಾದರೂ ಏನನ್ನು? ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ; ಆದ್ದರಿಂದ ಆ ಭಾಗ ಆಹಾರ ತಯಾರಿಸುವುದಿಲ್ಲ. ಗಿಡ ನಿಧಾನವಾಗಿ ಬೆಳೆಯುತ್ತದೆ, ಬಿಳಿ ಹೆಚ್ಚಾದರೆ ಸೊರಗುತ್ತದೆ. ಕಾಡಿನಲ್ಲಿ ಇಂತಹ ಗಿಡ ಹುಟ್ಟಿದರೂ ಹಸಿರು ಗಿಡಗಳೊಂದಿಗೆ ಪೈಪೋಟಿ ನಡೆಸಲಾರದೆ ಹಿಂದೆ ಬೀಳುತ್ತದೆ. ಎಂದರೆ, ಮಾರುಕಟ್ಟೆ ಇಲ್ಲಿ ಬೆಲೆ ಕಟ್ಟಿರುವುದು ಗಿಡದ ದೌರ್ಬಲ್ಯಕ್ಕೆ. ಅನೇಕ ಬಿಳಿಮಚ್ಚೆಯ ತಳಿಗಳಲ್ಲಿ ಎರಡು ಬಗೆಯ ಜೀವಕೋಶಗಳು ಬೆರೆತಿರುವುದರಿಂದ ಅವು ಸ್ಥಿರವೂ ಅಲ್ಲ. ಕೊಂಡ ಗಿಡ ಮರುವರ್ಷ ಪೂರ್ಣ ಹಸಿರಿಗೆ ತಿರುಗಿದರೆ ಕೇಳುವವರಿಲ್ಲ. ಇನ್ನೂ ಮುಂದೆ ಹೋಗಿ, 'ಪಿಂಕ್ ಕಾಂಗೊ' ಎಂಬ ಹೆಸರಿನಲ್ಲಿ ಮಾರಾಟವಾದ ಫಿಲೊಡೆಂಡ್ರಾನ್ ಗಿಡಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದೇ ಅಲ್ಲ. ರಾಸಾಯನಿಕ ಉಪಚಾರದಿಂದ ಬಂದದ್ದು. ಕೆಲವು ತಿಂಗಳ ನಂತರ ಚಿಗುರಿದ ಎಲೆಗಳೆಲ್ಲ ಹಸಿರು.

ನಂತರ ನಡೆದದ್ದೂ ಗಮನಾರ್ಹ. ಅಂಗಾಂಶ ಕೃಷಿಯ ಪ್ರಯೋಗಾಲಯಗಳು ಇಂತಹ ಗಿಡಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಉತ್ಪಾದಿಸತೊಡಗಿದವು. ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿದ್ದ ಹಲವು ತಳಿಗಳು ಸಾಮಾನ್ಯ ನರ್ಸರಿಗಳಿಗೆ ಇಳಿದವು. ಮೊದಲು ಕೊಂಡವರು ಮತ್ತು ಮೊದಲು ಮಾರಿದವರು ಗಳಿಸಿದರು. ಸಾಲ ಮಾಡಿ ಕೊನೆಗೆ ಕೊಂಡವರು ಕಳೆದುಕೊಂಡರು. ಒಂದು ಗಿಡ ಅಗ್ಗವಾದೊಡನೆ ಸಂಗ್ರಾಹಕರ ಆಸೆ ಮತ್ತೊಂದರತ್ತ ಹೊರಳುತ್ತದೆ. ಪ್ರಯೋಗಾಲಯದಲ್ಲಿ ಇನ್ನೂ ಸಿಗದ, ಅಂಗಡಿಯಲ್ಲಿ ಇನ್ನೂ ಕಾಣದ ಗಿಡ ಬೇಕು. ಅಂತಹ ಗಿಡ ಇರುವುದು ಎಲ್ಲಿ? ಕಾಡಿನಲ್ಲಿ ಮಾತ್ರ. ಆದ್ದರಿಂದ ಅಂಗಾಂಶ ಕೃಷಿಯೊಂದೇ ಕಾಡನ್ನು ಕಾಪಾಡುತ್ತದೆಂಬ ಮಾತು ಅರ್ಧಸತ್ಯ. ಅದು ಹಳೆಯ ಬಯಕೆಯನ್ನು ತಣಿಸುತ್ತದೆ, ಹೊಸ ಬಯಕೆಯನ್ನು ಕಾಡಿನೊಳಗೆ ಅಟ್ಟುತ್ತದೆ.

ವೆನಿಲ್ಲಾ ಕಲಿಸಿದ ಪಾಠ

ಕೊಡಗಿಗೆ ಈ ಕಥೆ ಹೊಸದಲ್ಲ. 2000ದ ಏಪ್ರಿಲ್‌ನಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಅಪ್ಪಳಿಸಿ ಅಲ್ಲಿನ ವೆನಿಲ್ಲಾ ತೋಟಗಳು ಹಾಳಾದಾಗ ವೆನಿಲ್ಲಾ ಬೆಲೆ ಆಕಾಶಕ್ಕೇರಿತು. ಅದೇ ಹೊತ್ತಿಗೆ ಕಾಫಿ ಬೆಲೆ ಪಾತಾಳ ಕಂಡಿತ್ತು. ಕೊಡಗು, ಮಲೆನಾಡು, ಕರಾವಳಿಯ ಬೆಳೆಗಾರರು ವೆನಿಲ್ಲಾ ಬಳ್ಳಿಯ ಹಿಂದೆ ಬಿದ್ದರು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋವಿಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ ದೊರೆಯಿತು. ರಾತ್ರಿ ತೋಟ ಕಾಯುವ ಸ್ಥಿತಿ ಬಂತು. ಬಳ್ಳಿಯ ತುಂಡುಗಳೇ ದುಬಾರಿ ಸರಕಾದವು. ಎರಡು ಮೂರು ವರ್ಷಗಳಲ್ಲಿ ಬೆಲೆ ಕುಸಿದು ಕೊಳ್ಳುವವರೇ ಇಲ್ಲವಾದರು. ಕೊನೆಯಲ್ಲಿ ನೆಟ್ಟ ಸಣ್ಣ ಹಿಡುವಳಿದಾರನ ಕೈಯಲ್ಲಿ ಉಳಿದದ್ದು ಕೊಳೆಯುವ ಬಳ್ಳಿ ಮತ್ತು ಬ್ಯಾಂಕಿನ ನೋಟೀಸು. ವೆನಿಲ್ಲಾವಾದರೂ ತಿನ್ನುವ ವಸ್ತುವಿಗೆ ಬೇಕಾದ ಬೆಳೆ. ಅಪರೂಪದ ಎಲೆಗೆ ಅದರ ಅಪರೂಪವಲ್ಲದೆ ಬೇರೆ ಉಪಯೋಗವೇ ಇಲ್ಲ. ಎಲ್ಲರೂ ಬೆಳೆದ ದಿನವೇ ಅದರ ಬೆಲೆ ಸತ್ತುಹೋಗುತ್ತದೆ. 'ಕಾಫಿಯ ಜೊತೆ ಮನೆಯೊಳಗಿನ ಗಿಡಗಳನ್ನೂ ಬೆಳೆಸಿ, ಲಕ್ಷ ಗಳಿಸಿ' ಎಂಬ ಆಮಿಷಕ್ಕೆ ಕಿವಿಗೊಡುವ ಯುವಕರು ಈ ವ್ಯತ್ಯಾಸವನ್ನು ಮನಗಾಣಬೇಕು.

ಹೂವಿನ ಆಸೆಗೆ ಉರುಳಿದ ಕಾಡು

ಸಸ್ಯ ಸಂಗ್ರಹದ ಗೀಳು ಕಾಡಿಗೆ ಏನು ಮಾಡಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಆರ್ಕಿಡ್‌ಗಳಿಗಾಗಿ ಹುಚ್ಚೆದ್ದಿದ್ದರು. ಆಲ್ಬರ್ಟ್ ಮಿಲಿಕನ್ ಎಂಬ ಆರ್ಕಿಡ್ ಬೇಟೆಗಾರ 1891ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ, ಕೊಲಂಬಿಯಾದಲ್ಲಿ ಸುಮಾರು 10,000 ಆರ್ಕಿಡ್ ಗಿಡಗಳನ್ನು ಪಡೆಯಲು ಸುಮಾರು 4,000 ಮರಗಳನ್ನು ಕಡಿಸಿದ್ದನ್ನು ಯಾವ ಅಳುಕೂ ಇಲ್ಲದೆ ದಾಖಲಿಸಿದ್ದಾನೆ. ಮರದ ಮೇಲೆ ಬೆಳೆಯುವ ಗಿಡವನ್ನು ಪಡೆಯಲು ಮರವನ್ನೇ ಉರುಳಿಸುವುದು ಅಂದಿನ ವ್ಯಾಪಾರದ ಸುಲಭ ದಾರಿ. ಮರಕೆಸುವೂ ಮರದ ಮೇಲೆಯೇ ಬೆಳೆಯುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಅದು ವಸಾಹತುಗಳ ಕಾಲ ಎಂದು ಸಮಾಧಾನಪಡುವಂತಿಲ್ಲ. 2020ರಲ್ಲಿ ಫಿಲಿಪೀನ್ಸ್ ದೇಶದಲ್ಲಿ ಮನೆಯೊಳಗಿನ ಗಿಡಗಳ ಬೇಡಿಕೆ ಏರಿದಾಗ, ಕಾಡಿನಿಂದ ಗಿಡ ಕೀಳುವುದು ಶಿಕ್ಷಾರ್ಹ ಅಪರಾಧವೆಂದು ಅಲ್ಲಿನ ಪರಿಸರ ಇಲಾಖೆ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಬ್ರೆಜಿಲ್‌ನ ಎಸ್ಪಿರಿಟೊ ಸ್ಯಾಂಟೊ ರಾಜ್ಯದಲ್ಲಷ್ಟೇ ಬೆಳೆಯುವ ಫಿಲೊಡೆಂಡ್ರಾನ್ ಸ್ಪಿರಿಟಸ್-ಸ್ಯಾಂಕ್ಟೈ ಎಂಬ ಗಿಡದ ಪರಿಸ್ಥಿತಿ ಇನ್ನೂ ಕರುಣಾಜನಕ. ಕಾಡಿನಲ್ಲಿ ಅದರ ಕೆಲವೇ ಗಿಡಗಳು ಉಳಿದಿವೆ; ಜಗತ್ತಿನ ಸಂಗ್ರಾಹಕರ ಮನೆಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. 'ನೋಡಿ, ಸಂಗ್ರಾಹಕರಿಂದಾಗಿಯೇ ಅದು ಉಳಿಯಿತು' ಎಂದು ವಾದಿಸುವವರಿದ್ದಾರೆ. ಆದರೆ ಕುಂಡದಲ್ಲಿರುವ ಗಿಡಕ್ಕೆ ತನ್ನ ಪರಾಗಸ್ಪರ್ಶದ ಕೀಟವಿಲ್ಲ, ಹಣ್ಣು ತಿನ್ನುವ ಹಕ್ಕಿಯಿಲ್ಲ, ಬೀಜ ಮೊಳೆಯುವ ಮರವಿಲ್ಲ. ಯಾವ ಗುಡ್ಡದಿಂದ ಬಂತೆಂಬ ದಾಖಲೆಯೂ ಹೆಚ್ಚಿನವುಗಳಿಗಿಲ್ಲ. ದಾಖಲೆಯಿಲ್ಲದ ಗಿಡವನ್ನು ಮರಳಿ ಕಾಡಿಗೆ ಸೇರಿಸಲು ಯಾವ ವಿಜ್ಞಾನಿಯೂ ಒಪ್ಪಲಾರ. ಸಸ್ಯೋದ್ಯಾನಗಳು ದಾಖಲೆಯೊಂದಿಗೆ ನಡೆಸುವ ಸಂರಕ್ಷಣೆ ಬೇರೆ, ಬೈಠಕ್‌ಖಾನೆಯ ಅಲಂಕಾರ ಬೇರೆ.

ಪಶ್ಚಿಮಘಟ್ಟದ ಗಿಡಗಳು ಈ ವ್ಯಾಪಾರದ ಹೊರಗೇನೂ ಉಳಿದಿಲ್ಲ. ಘಟ್ಟದ ತೊರೆಗಳಲ್ಲಿ ಬೆಳೆಯುವ ಲ್ಯಾಜೆನಾಂಡ್ರ ಮೀಬೋಲ್ಡಿ ಎಂಬ ಅರೇಸಿ ಗಿಡದ ಕೆಂಬಣ್ಣದ ತಳಿ ಇಂದು ಯೂರೋಪಿನ ಅಕ್ವೇರಿಯಂ ಅಂಗಡಿಗಳ ಸಾಮಾನ್ಯ ಸರಕು. ಅದರ ಮೂಲ ಗಿಡ ಯಾವ ಊರಿನ ಯಾವ ತೊರೆಯದೆಂದು ಕುಂಡದ ಚೀಟಿ ಹೇಳುವುದಿಲ್ಲ. ತೊರೆಯಂಚಿನ ಕ್ರಿಪ್ಟೊಕೊರಿನ್‌ಗಳು, ಮಳೆಗಾಲದಲ್ಲಿ ಒದ್ದೆ ಬಂಡೆಗಳ ಮೇಲೆ ಪುಟ್ಟ ಕೊಡೆಗಳಂತೆ ಹರಡುವ ಏರಿಯಾಪ್ಸಿಸ್ ಪೆಲ್ಟೇಟ, ಹಾವಿನ ಹೆಡೆಯಂತೆ ಹೂಗೊಂಚಲೆತ್ತುವ ಅರಿಸೀಮಗಳು, ಇವೆಲ್ಲವೂ ಸಂಗ್ರಾಹಕರಿಗೆ ಬೇಕಾದ ಲಕ್ಷಣಗಳನ್ನೇ ಹೊಂದಿವೆ: ಚಿಕ್ಕವು, ವಿಚಿತ್ರವಾದವು, ಅಂಗಡಿಯಲ್ಲಿ ವಿರಳವಾದವು.

ಕೊಕ್ಕೆ ಹಾಕಿ ಪಯಣಿಸುವ ಗಿಡ

ಮರಕೆಸುವಿನ ಬದುಕನ್ನು ಅರಿತರೆ ಅದರ ಜಾಗ ಯಾವುದೆಂಬ ಪ್ರಶ್ನೆಯೇ ಉಳಿಯದು. ಈ ಗಿಡ ಹೂಬಿಡುವುದು ಅಪರೂಪ, ಬೀಜ ಕಟ್ಟುವುದು ಇನ್ನೂ ಅಪರೂಪ. ಇದರ ವಂಶ ಸಾಗುವುದು ಮರಿಗೆಡ್ಡೆಗಳಿಂದ. ಗೆಡ್ಡೆಯಿಂದ ನೆಟ್ಟಗೆ ಏಳುವ ಕಡ್ಡಿಯಂತಹ ಕಾಂಡದ ಮೇಲೆ ಸಣ್ಣ ಸಣ್ಣ ಮರಿಗೆಡ್ಡೆಗಳು ಗುಂಪಾಗಿ ಮೂಡುತ್ತವೆ. ಪ್ರತಿಯೊಂದರ ಮೈಮೇಲೆ ಬಾಗಿದ ಕೊಕ್ಕೆಗಳಂತಹ ಶಲ್ಕಗಳಿರುತ್ತವೆ. ಹಾದುಹೋಗುವ ಹಕ್ಕಿಯ ಗರಿಗೋ ಪ್ರಾಣಿಯ ತುಪ್ಪಳಿಗೋ ಅವು ಅಂಟಿಕೊಂಡು ಮತ್ತೊಂದು ಕೊಂಬೆಗೆ ಸಾಗುತ್ತವೆ. ಅಲ್ಲಿ ಪಾಚಿಯೂ ಕೊಳೆತ ಎಲೆಯ ಮಣ್ಣೂ ಇದ್ದರೆ ಬೇರೂರುತ್ತವೆ. ಮಳೆ ನಿಂತ ಮೇಲೆ ಎಲೆಗಳು ಬಾಡಿ, ಗೆಡ್ಡೆ ಒಣ ತಿಂಗಳುಗಳನ್ನು ನಿದ್ದೆಯಲ್ಲಿ ಕಳೆಯುತ್ತದೆ. ಮನೆಯೊಳಗೆ ವರ್ಷವಿಡೀ ಹಸಿರೆಲೆ ನೋಡುವ ಹಂಬಲದಿಂದ ಬೇಸಿಗೆಯಲ್ಲಿಯೂ ನೀರೆರೆದರೆ ನಿದ್ರಿಸುವ ಗೆಡ್ಡೆ ಕೊಳೆಯುತ್ತದೆ. ಸತ್ತ ಗಿಡದ ಜಾಗಕ್ಕೆ ಮತ್ತೊಂದು ಗಿಡ ಬೇಕಾಗುತ್ತದೆ.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು, ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಈ ಗಿಡ ಅಳಿವಿನಂಚಿನದಲ್ಲ ಎಂಬುದು. ಈ ಮಾತು ಸತ್ಯ. ಆದರೆ ಆಫ್ರಿಕಾದಲ್ಲಿ ಉಳಿದ ಮರಕೆಸು ಕೊಡಗಿನ ಕಕ್ಕಡದ ಅಡುಗೆಗೆ ಬರಲಾರದು. ಬೀಜವಿಲ್ಲದೆ ಮರಿಗೆಡ್ಡೆಯಿಂದಲೇ ಹರಡುವ ಗಿಡ ಒಂದು ಕಣಿವೆಯಿಂದ ಅಳಿದರೆ ದೂರದಿಂದ ಗಾಳಿಯಲ್ಲಿ ತೇಲಿ ಮರಳಿ ಬರುವುದೂ ಇಲ್ಲ. ಜಾಗತಿಕ ಪಟ್ಟಿಗಳು ಪ್ರಭೇದವನ್ನು ಎಣಿಸುತ್ತವೆ, ಊರಿನ ನಷ್ಟವನ್ನು ಎಣಿಸುವುದಿಲ್ಲ.

ಎರಡನೆಯದು, ಹಳ್ಳಿಯವರು ತಿನ್ನಲು ಕೊಯ್ಯುವುದಿಲ್ಲವೇ ಎಂಬ ಪ್ರಶ್ನೆ. ಕೊಯ್ಯುತ್ತಾರೆ. ಆದರೆ ಅಡುಗೆಗೆ ಬೇಕಾದದ್ದು ಎಲೆ. ಗೆಡ್ಡೆ ಮರದಲ್ಲಿಯೇ ಉಳಿದು ಮರುವರ್ಷ ಚಿಗುರುತ್ತದೆ. ಕುಂಡಕ್ಕೆ ಬೇಕಾದದ್ದು ಗೆಡ್ಡೆ. ಅದು ಹೋದರೆ ಆ ಕವಲು ಬರಿದು. ಕಟ್ಟು ಕಟ್ಟಾಗಿ ಪಟ್ಟಣದ ಮಾರುಕಟ್ಟೆಗೆ ಸಾಗುವ ಎಲೆಯ ಕೊಯ್ಲಿಗೂ ಮಿತಿ ಬೇಕೆಂಬುದನ್ನು ಅಲ್ಲಗಳೆಯಲಾಗದು. ಗಿಡದ ಎಲ್ಲ ಎಲೆಗಳನ್ನೂ ಸವರಿದರೆ ಗೆಡ್ಡೆಗೆ ಆಹಾರ ಕೂಡುವುದಿಲ್ಲ. ಹಿರಿಯರ ಅಡುಗೆಮನೆಗೆ ಈ ಲೆಕ್ಕ ಗೊತ್ತಿತ್ತು, ವ್ಯಾಪಾರಕ್ಕೆ ಗೊತ್ತಿಲ್ಲ.

ಕುಂಡದ ಮಣ್ಣಿನಲ್ಲಿ ಬರುವ ಕೇಡು

ಕಾಡಿನಿಂದ ಹೊರಹೋಗುವ ಗಿಡದಷ್ಟೇ ಹೊರಗಿನಿಂದ ಒಳಬರುವ ಗಿಡವೂ ಅಪಾಯಕಾರಿ. ಕೆಸುವಿನ ಅಂಗಮಾರಿ ರೋಗ 1993ರಲ್ಲಿ ಸಮೋವಾ ದ್ವೀಪಗಳನ್ನು ಹೊಕ್ಕಾಗ ಅಲ್ಲಿನ ಜನರ ಮುಖ್ಯ ಆಹಾರವೂ ಮುಖ್ಯ ರಫ್ತೂ ಆಗಿದ್ದ ಕೆಸುವಿನ ಬೆಳೆ ಬಹುಬೇಗ ನೆಲಕಚ್ಚಿತು. ಆಂಥೂರಿಯಂನ ಬ್ಯಾಕ್ಟೀರಿಯಾ ಅಂಗಮಾರಿ 1980ರ ದಶಕದಲ್ಲಿ ಹವಾಯಿಯ ಹೂ ಬೆಳೆಗಾರರನ್ನು ದಿವಾಳಿಯ ಅಂಚಿಗೆ ತಳ್ಳಿತು. ಈ ಬ್ಯಾಕ್ಟೀರಿಯಾ ಕೆಸುವಿನ ಕುಟುಂಬದ ಹಲವು ಅಲಂಕಾರಿಕ ಗಿಡಗಳಲ್ಲಿ ರೋಗಲಕ್ಷಣ ತೋರದೆ ಅಡಗಿ ಕೂರಬಲ್ಲದು. ನೆರಳುಬಲೆಯಲ್ಲಿ ಆಂಥೂರಿಯಂ ಬೆಳೆದು ಜೀವನ ಸಾಗಿಸುವ ಕೊಡಗಿನ ಕುಟುಂಬಗಳಿಗೆ ನೆರೆಮನೆಯ ಒಂದು ಸುಂದರ ಕುಂಡವೇ ಮಾರಿಯಾಗಬಹುದು.

ಕಾಳುಮೆಣಸಿನ ಬೆಳೆಗಾರರಿಗೆ ಇದಕ್ಕಿಂತ ಹತ್ತಿರದ ಭಯವಿದೆ. ಬೇರನ್ನು ಕೊರೆಯುವ ರಾಡೊಫೋಲಸ್ ಸಿಮಿಲಿಸ್ ಎಂಬ ಜಂತುಹುಳು ಆಂಥೂರಿಯಂನಂತಹ ಗಿಡಗಳ ಬೇರಿನಲ್ಲಿಯೂ ವಾಸಿಸುತ್ತದೆ, ಬಾಳೆ ಮತ್ತು ಮೆಣಸಿನ ಬೇರನ್ನೂ ತಿನ್ನುತ್ತದೆ. ಕಳೆದ ಶತಮಾನದಲ್ಲಿ ಇಂಡೋನೇಷ್ಯಾದ ಬಂಕಾ ದ್ವೀಪದ ಮೆಣಸಿನ ತೋಟಗಳನ್ನು ಹಳದಿ ರೋಗದಿಂದ ಬರಿದುಮಾಡಿದ್ದು ಇದೇ ಹುಳು. ದಕ್ಷಿಣ ಭಾರತದ ತೋಟಗಳಲ್ಲಿ ಮೆಣಸಿನ ನಿಧಾನ ಸೊರಗು ರೋಗದಲ್ಲಿ ಇದರ ಪಾತ್ರ ಈಗಾಗಲೇ ಗೊತ್ತಿರುವಂತಹುದು. ಹುಳು ಇಲ್ಲಿ ಇದ್ದೇ ಇದೆ, ಇನ್ನೇನು ಭಯ ಎನ್ನುವುದು ಜಾಣತನವಲ್ಲ. ಸೋಂಕಿಲ್ಲದ ತೋಟಕ್ಕೆ ಅದನ್ನು ಹೊತ್ತು ತರುವ ವಾಹನಗಳಲ್ಲಿ ಕುಂಡದ ಮಣ್ಣೂ ಒಂದು. ವಿದೇಶದಿಂದ ಗಿಡ ತರಲು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕೆಂದು 2003ರ ಸಸ್ಯ ಸಂಗರೋಧ ಆದೇಶ ವಿಧಿಸಿರುವುದು ಸುಮ್ಮನೆ ಅಲ್ಲ. ಚೀಲದ ತಳದಲ್ಲಿ ಅಡಗಿಸಿ ತಂದ ಒಂದು ತುಂಡು ಕಾಂಡ ಆ ವ್ಯವಸ್ಥೆಯನ್ನೇ ಅಣಕಿಸುತ್ತದೆ.

ಬೇಸರವಾದ ಮೇಲೆ ತಿಪ್ಪೆಗೆಸೆದ ಗಿಡದ ಕಥೆಯೂ ಇದೆ. ಲಂಟಾನ ಭಾರತಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನದ ಅಲಂಕಾರಕ್ಕೆಂದು. ಇಂದು ನಾಗರಹೊಳೆಯ ಕಾಡಿನ ತಳವನ್ನು ಆವರಿಸಿ, ಜಿಂಕೆಗೆ ಹುಲ್ಲಿಲ್ಲದಂತೆ ಮಾಡಿರುವುದು ಅದೇ ಅಲಂಕಾರ. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ ಮೂಲದ ಮನಿಪ್ಲಾಂಟ್ ಶ್ರೀಲಂಕಾದಂತಹ ಕಡೆಗಳಲ್ಲಿ ಮನೆಯಿಂದ ಕಾಡಿಗೆ ನುಗ್ಗಿ ಮರಗಳನ್ನು ಮುಚ್ಚಿದೆ. ಕೊಡಗಿನ ತೇವ, ನೆರಳು, ಮಳೆ ಇಂತಹ ಬಳ್ಳಿಗಳಿಗೆ ಸ್ವರ್ಗ. ತೋಡಿನ ದಂಡೆಗೆ ಎಸೆದ ಒಂದು ಗೆಣ್ಣು ಸಾಕು.

ಗರಗಸದ ಪಾಲು

ಇಷ್ಟು ಹೇಳಿ ನಗರದ ಸಂಗ್ರಾಹಕನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ ನ್ಯಾಯವಾಗದು. ಮರಕೆಸುವಿಗೆ ದೊಡ್ಡ ಶತ್ರು ಕೊಡಗಿನೊಳಗೇ ಇದೆ. ಹಳೆಯ ಕಾಫಿ ತೋಟಗಳಲ್ಲಿ ಅತ್ತಿ, ಹಲಸು, ನಂದಿ, ಬೀಟೆಯಂತಹ ನಾಡಮರಗಳು ನೆರಳು ನೀಡುತ್ತಿದ್ದವು. ಒರಟು ತೊಗಟೆ, ಅಗಲ ಕವಲು, ಕವಲಲ್ಲಿ ಕೊಳೆತ ಎಲೆಯ ಮಣ್ಣು, ಅದರ ಮೇಲೆ ಪಾಚಿ, ಸೀತಾಳೆ, ಮರಕೆಸು. ಆ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೇರ ಆಸರೆಯಾಗುತ್ತದೆ, ಕಡಿದು ಮಾರಲು ನಾಡಮರಗಳಿಗಿರುವ ಅನುಮತಿಯ ತೊಡಕೂ ಇಲ್ಲ. ನೆಟ್ಟಗೆ ಏರುವ, ಆಗಾಗ ಕೊಂಬೆ ಸವರಿಸಿಕೊಳ್ಳುವ ಈ ಮರದಲ್ಲಿ ಮರಕೆಸುವಿಗೆ ಕಾಲೂರಲು ಕವಲೆಲ್ಲಿದೆ? ಕಳ್ಳ ಸಂಗ್ರಾಹಕ ಒಂದು ಕವಲಿನ ಗೆಡ್ಡೆಯನ್ನು ಒಯ್ದರೆ ಗರಗಸ ನೂರು ಗೆಡ್ಡೆಗಳ ಮನೆಯನ್ನೇ ಒಯ್ಯುತ್ತದೆ. ನಾಡಮರವನ್ನು ಬೆಳೆಸಿದವನಿಗೆ ತೊಡಕು, ಪರದೇಶದ ಮರವನ್ನು ನೆಟ್ಟವನಿಗೆ ಸಲೀಸು ಎಂಬ ಕಾನೂನಿನ ತಿರುವುಮುರುವು ಸರಿಯಾಗದ ಹೊರತು ಬೆಳೆಗಾರನೊಬ್ಬನನ್ನೇ ದೂಷಿಸುವುದೂ ಪ್ರಯೋಜನವಿಲ್ಲ.

ಕಾನೂನು ಮತ್ತು ಕಟ್ಟಳೆ

ಆರ್ಕಿಡ್ ಕುಟುಂಬವಿಡೀ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಕೆಸುವಿನ ಕುಟುಂಬಕ್ಕೆ ಅಂತಹ ಒಟ್ಟಾರೆ ರಕ್ಷಣೆ ಇಲ್ಲ. ಹಾಗೆಂದು ಕಾನೂನು ಪೂರ್ಣ ಮೂಕವಲ್ಲ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಉತ್ಪನ್ನ ಒಯ್ಯುವುದನ್ನು 1963ರ ಕರ್ನಾಟಕ ಅರಣ್ಯ ಕಾಯಿದೆ ತಡೆಯುತ್ತದೆ. ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ವನ್ಯಧಾಮಗಳಿಗೆ ಅದಕ್ಕಿಂತ ಬಿಗಿಯಾದ ರಕ್ಷಣೆಯಿದೆ. 2012ರಿಂದ ಅವು ವಿಶ್ವ ಪರಂಪರೆಯ ತಾಣಗಳೂ ಹೌದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. 2023ರ ತಿದ್ದುಪಡಿ ಈ ಕಾಯಿದೆಯ ಜೈಲು ಶಿಕ್ಷೆಯನ್ನು ತೆಗೆದು ದಂಡಕ್ಕೆ ಸೀಮಿತಗೊಳಿಸಿದೆ. ಹಣವಂತ ವ್ಯಾಪಾರಿಗೆ ದಂಡವೆಂದರೆ ಖರ್ಚಿನ ಇನ್ನೊಂದು ಬಾಬತ್ತು. ಆದ್ದರಿಂದಲೇ ಊರಿನ ಕಣ್ಗಾವಲು ಹಿಂದೆಂದಿಗಿಂತ ಅಗತ್ಯ.

ಕೊಡಗಿಗೆ ಕಾಯಿದೆಗಿಂತ ಹಳೆಯ ಕಟ್ಟಳೆಯೊಂದಿದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಂದ ಒಣ ಸೌದೆಯನ್ನೂ ಮನೆಗೆ ತರಬಾರದೆಂಬ ನಿಯಮ ಅನೇಕ ಊರುಗಳಲ್ಲಿತ್ತು. ಆ ನಿಯಮದ ಹಿಂದೆ ಭಯವಿತ್ತೋ ಭಕ್ತಿಯಿತ್ತೋ, ಅಂತೂ ಕಾಡಿನ ವಸ್ತುವಿಗೆ ಕಾಡಿನದೇ ಹಕ್ಕಿದೆ ಎಂಬ ತಿಳುವಳಿಕೆ ಅದರಲ್ಲಿತ್ತು. ದೇವರಕಾಡಿನ ಅಂಚು ಒತ್ತುವರಿಯಾದಂತೆ ಈ ತಿಳುವಳಿಕೆಯೂ ಸವೆದಿದೆ. ಹಣದ ಆಸೆಗೆ ಕಾಡಿನ ಗೆಡ್ಡೆ ಕೀಳುವ ಕೈಯನ್ನು ಮೊದಲು ತಡೆಯಬೇಕಾದದ್ದು ಅರಣ್ಯ ರಕ್ಷಕನಲ್ಲ, ಆ ಕೈಯ ಮನೆಯವರೇ.

ಆಗಬೇಕಾದದ್ದು

ಗಿಡವನ್ನು ಪ್ರೀತಿಸುವುದು ತಪ್ಪಲ್ಲ. ಕಾಂಕ್ರೀಟಿನ ನಡುವೆ ಒಂದು ಹಸಿರೆಲೆಗೆ ಹಂಬಲಿಸುವ ಮನಸ್ಸು ಕಾಡಿನ ಮಿತ್ರನಾಗಬಲ್ಲ ಮನಸ್ಸೇ. ಆದರೆ ಪ್ರೀತಿಗೆ ಪ್ರಶ್ನೆ ಕೇಳುವ ಧೈರ್ಯ ಬೇಕು. ಈ ಗಿಡದ ತಾಯಿಗಿಡ ಯಾವ ನರ್ಸರಿಯದು, ಯಾರು ಬೆಳೆಸಿದ್ದು ಎಂದು ಕೊಳ್ಳುವವರು ಕೇಳಲಿ. ಉತ್ತರವಿಲ್ಲದ ಗಿಡವನ್ನು ಕೊಳ್ಳದಿರಲಿ. ನರ್ಸರಿಯಲ್ಲಿ ಬೆಳೆದ ಒಂದು ಸಾಧಾರಣ ಅಲೊಕೇಷಿಯವನ್ನು ಇಪ್ಪತ್ತು ವರ್ಷ ಸಾಕುವುದು, ಇಪ್ಪತ್ತು ಅಪರೂಪದ ಗಿಡಗಳನ್ನು ಒಂದು ವರ್ಷದಲ್ಲಿ ಕೊಲ್ಲುವುದಕ್ಕಿಂತ ದೊಡ್ಡ ವಿದ್ಯೆ.

ಹಳ್ಳಿಗಳಲ್ಲಿ ಆಗಬೇಕಾದ ಕೆಲಸ ಸರಳ. ಕಾಡು, ತೊರೆ, ದೇವರಕಾಡುಗಳಿಂದ ಯಾವ ಗಿಡವನ್ನೂ ಬೇರು ಸಮೇತ ಕೀಳಬಾರದೆಂಬ ನಿರ್ಣಯವನ್ನು ಗ್ರಾಮಸಭೆಗಳು ಕೈಗೊಳ್ಳಬೇಕು. ಮರಕೆಸು ಕೊಯ್ಯುವಾಗ ಪ್ರತಿ ಗಿಡದಲ್ಲಿಯೂ ಎಲೆ ಉಳಿಸಬೇಕು. ಮಳೆಗಾಲಕ್ಕೆ ಮುನ್ನ ಮರಿಗೆಡ್ಡೆಗಳನ್ನು ತೋಟದ ಹಳೆಯ ಮರಗಳ ಕವಲುಗಳಲ್ಲಿ, ಇದ್ದ ಪಾಚಿಯ ನಡುವ��ಯೇ ಇರಿಸಿದರೆ ಸಾಕು. ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಅಲಂಕಾರಕ್ಕೆಂದು ಮರದ ಪಾಚಿಯನ್ನು ಹೆರೆದು ಮಾರುವುದು ನಿಲ್ಲಬೇಕು, ಏಕೆಂದರೆ ಪಾಚಿಯೇ ಮರಕೆಸುವಿನ ತೊಟ್ಟಿಲು. ಹೊರಗಿನಿಂದ ತಂದ ಕುಂಡದ ಮಣ್ಣು ಮೆಣಸಿನ ಬುಡಕ್ಕೆ ಹೋಗಬಾರದು. ಬೇಡವಾದ ಬಳ್ಳಿಯನ್ನು ತೋಡಿಗೆ ಎಸೆಯಬಾರದು. ಕಡಿಯಬೇಕೆಂದಿರುವ ಹಳೆಯ ನೆರಳುಮರದ ಮೇಲೆ ಏನೇನು ಬದುಕಿದೆ ಎಂದು ಗರಗಸ ಇಡುವ ಮುನ್ನ ಒಮ್ಮೆ ತಲೆಯೆತ್ತಿ ನೋಡಬೇಕು.

ವಿದ್ಯಾರ್ಥಿಗಳ ಪಾಲಿಗೆ ಇನ್ನೂ ಮಹತ್ವದ ಕೆಲಸವಿದೆ. ಒಂದು ಊರಿನಲ್ಲಿ ಕೆಸುವಿನ ಕುಟುಂಬದ ಎಷ್ಟು ಗಿಡಗಳಿವೆ, ಕೊಡವ, ಕನ್ನಡ, ಅರೆಭಾಷೆ, ಯರವ, ಕುರುಬ ನುಡಿಗಳಲ್ಲಿ ಅವುಗಳ ಹೆಸರೇನು, ಯಾವುದನ್ನು ತಿನ್ನುತ್ತಾರೆ, ತುರಿಕೆ ಕಳೆಯಲು ಯಾವ ಹುಳಿ ಬಳಸುತ್ತಾರೆ, ಯಾವ ಮರದ ಮೇಲೆ ಮರಕೆಸು ಹೆಚ್ಚು, ಈ ಪ್ರಶ್ನೆಗಳಿಗೆ ಉತ್ತರ ಅಜ್ಜಿಯರ ನೆನಪಿನಲ್ಲಿದೆ, ಪುಸ್ತಕಗಳಲ್ಲಿಲ್ಲ. ಆ ಉತ್ತರ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಸೇರಬೇಕು. ಆದರೆ ವಿರಳ ಗಿಡದ ನಿಖರ ಜಾಗವನ್ನು ಅಪರಿಚಿತರಿಗೆ ತಿಳಿಸುವ ಅಥವಾ ಚಿತ್ರದೊಂದಿಗೆ ಜಗಜ್ಜಾಹೀರು ಮಾಡುವ ಉತ್ಸಾಹಕ್ಕೆ ಕಡಿವಾಣವಿರಲಿ. ಸಂಗ್ರಾಹಕನಿಗೆ ಅದೇ ದಾರಿದೀಪ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಂತಹ ಸಂಸ್ಥೆಗಳು ಜಿಲ್ಲೆಯಲ್ಲಿಯೇ ಇವೆ. ನಾಡಿನ ಅರೇಸಿ ಗಿಡಗಳನ್ನು ದಾಖಲೆಯೊಂದಿಗೆ ಬೆಳೆಸಿ, ಬೇಕಾದ ಮನೆಗಳಿಗೆ ಮರಿಗೆಡ್ಡೆ ಹಂಚುವ ಕೆಲಸವನ್ನು ಅವು ಕೈಗೆತ್ತಿಕೊಂಡರೆ ಕಾಡಿಗೆ ಕೈಹಾಕುವ ನೆವವೇ ಇಲ್ಲವಾಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಲೆನಾಡಿನ ಒಂದು ಹಳೆಯ ರೋಗವನ್ನು ಹೇಳುತ್ತದೆ. ಹತ್ತಿರವಿದ್ದದ್ದು ಕಣ್ಣಿಗೆ ಬೀಳುವುದಿಲ್ಲ. ದೂರದವನು ಬೆಲೆ ಕಟ್ಟಿದ ಮೇಲೆ ಮಾತ್ರ ಬೀಳುತ್ತದೆ, ಆ ಹೊತ್ತಿಗೆ ಅದು ಹಿತ್ತಲಿನಲ್ಲಿ ಇರುವುದಿಲ್ಲ. ಮರಕೆಸುವಿನ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ. ಮುಂದಿನ ಮುಂಗಾರಿಗೆ ಮೊದಲು ಪ್ರತಿ ಗ್ರಾಮಸಭೆಯೂ ಈ ಒಂದು ನಿರ್ಣಯವನ್ನು ಬರೆದಿಡಲಿ: ಎಲೆ ಊರಿನದು, ಗೆಡ್ಡೆ ಮರದ್ದು.